ಲಕ್ಕಪ್ಪ ಮಾವನ ಡೈನಮೊ ಕಿವಿ

ಮಾತಿನ ನಡುವೆ ಲಕ್ಕಪ್ಪ ಮಾವ ಎದ್ದು ನಿಂತರೆಂದರೆ ಅವರ ಕಿವಿ ಮುಗಿಯಿತೆಂದು ಅರ್ಥ. ಅಪ್ಪಯ್ಯ ಮುಖ್ಯವಾದ ವಿಷಯ ಹೇಳುತ್ತಿರಲಿ, ಅವ್ವ ತಟ್ಟೆಗೆ ಕಡುಬು ಹಾಕುತ್ತಿರಲಿ, ಎಡಗೈ ಎತ್ತಿ ತಡೆದು, "ಅಲ್ಲೇ ನಿಲ್ಸಿ ಭಾವ, ಒಂದು ಸುತ್ತು ಹಾಕ್ಕಂಡು ಬರ್ತೀನಿ" ಎನ್ನುತ್ತಿದ್ದರು. ಅಂಗಳಕ್ಕಿಳಿದು ಎತ್ತರದ ಕಪ್ಪು ಸೈಕಲ್ ಹತ್ತಿ, ಕಾಫಿ ಒಣಗಿಸುವ ಕಣದ ಅಂಚು ಹಿಡಿದು ಗರಗರ ಸುತ್ತತೊಡಗುತ್ತಿದ್ದರು. ಕೊಯ್ಲಿನ ಕಾಲವಾದರೆ ಕಣದ ತುಂಬ ಹಣ್ಣು ಹರಡಿರುತ್ತಿತ್ತು. "ಹಣ್ಣು ತುಳೀಬೇಡ ಲಕ್ಕಪ್ಪಣ್ಣ" ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ಅದು ಅವರಿಗೆ ಕೇಳುವ ಮಾತಲ್ಲ ಎಂದು ಗೊತ್ತಿದ್ದೂ ಕೂಗುತ್ತಿದ್ದಳು. ಅಪ್ಪಯ್ಯ ಜಗಲಿಯ ಮೇಲೆ ಅರ್ಧ ವಾಕ್ಯವನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದರು. ತಮಗೆ ಸಾಕೆನಿಸುವಷ್ಟು ಸುತ್ತಿ ಬಂದು, ಜೇಬಿನ ಪೆಟ್ಟಿಗೆಯ ತಿರುಪು ತಿರುಗಿಸಿ, "ಹೂಂ, ಈಗ ಹೇಳಿ" ಎಂದು ಮಾವ ಕುಳಿತಾಗ ಅಪ್ಪಯ್ಯನಿಗೆ ತಾವು ಹೇಳುತ್ತಿದ್ದುದು ಅರ್ಧಕ್ಕರ್ಧ ಮರೆತುಹೋಗಿರುತ್ತಿತ್ತು.

ಅವರು ಅವ್ವನ ದೊಡ್ಡಮ್ಮನ ಮಗ. ಒಣಕಲು ಆಳು, ಉದ್ದ ಕಾಲು, ಮೊಣಕಾಲಿನವರೆಗೆ ಖಾಕಿ ಚಡ್ಡಿ, ಅದರ ಮೇಲೆ ಬೇಸಿಗೆಯಲ್ಲೂ ಬಿಡದ ಕಂದು ಕೋಟು. ಬಲಕಿವಿಯಿಂದ ಒಂದು ವೈರು ಇಳಿದು ಅಂಗಿಯ ಜೇಬಿನಲ್ಲಿದ್ದ ಪೆಟ್ಟಿಗೆಗೆ ಹೋಗುತ್ತಿತ್ತು. ಸೈಕಲ್ ಮೇಲಿದ್ದಾಗ ಆ ಪೆಟ್ಟಿಗೆಯಿಂದ ಇನ್ನೊಂದು ವೈರು ಕೋಟಿನೊಳಗಿಂದ ಹೊರಟು ಸೀಟಿನ ಕೆಳಗೆ ಕಟ್ಟಿದ್ದ ತಗಡಿನ ಡಬ್ಬಿಗೂ, ಅಲ್ಲಿಂದ ಮುಂದಿನ ಚಕ್ರಕ್ಕೂ ಹೋಗುತ್ತಿತ್ತು. ಮನುಷ್ಯ ಸೈಕಲ್ಲನ್ನು ಓಡಿಸುತ್ತಿದ್ದಾನೋ ಸೈಕಲ್ಲೇ ಮನುಷ್ಯನಿಗೆ ಮೂಗುದಾರ ಹಾಕಿ ಎಳೆದೊಯ್ಯುತ್ತಿದೆಯೋ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಎಷ್ಟೋ ಸಲ ವೈರು ಬಿಚ್ಚಲು ಮರೆತು ಇಳಿದು ನಡೆದುಬಿಡುತ್ತಿದ್ದರು. ಹಿಂದೆ ಸೈಕಲ್ ದಢಾರನೆ ಬೀಳುತ್ತಿತ್ತು. ಅದು ಬಿದ್ದ ಸದ್ದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಕೇಳುತ್ತಿತ್ತು.

ಆಗ ನಾನು ಗೋಣಿಬೀಡಿನ ಹತ್ತಿರ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಶಾಲೆಗಾಗಲಿ ನಮ್ಮ ಮನೆಗಾಗಲಿ ವಿದ್ಯುತ್ ಕಂಬ ಇನ್ನೂ ಬಂದಿರಲಿಲ್ಲ. ನಮ್ಮ ಬಳಗದಲ್ಲಿ ಕರೆಂಟು ಬಂದಿದ್ದ ಮೊದಲ ಮನುಷ್ಯ ಲಕ್ಕಪ್ಪ ಮಾವ. ಮಕ್ಕಳು ಕಿಟಕಿಯಲ್ಲಿ ಅವರನ್ನು ಕಂಡರೆ, "ಟೀಚರ್, ಅವ್ರು ಊಟ ಮಾಡ್ತಾರಾ?" ಎಂದು ಕೇಳುತ್ತಿದ್ದರು. ಮಾಡುತ್ತಾರೆ, ಅದರಲ್ಲೂ ಕಡುಬನ್ನು ಬಹಳ ಮಾಡುತ್ತಾರೆ ಎಂದು ನಾನು ಹೇಳಿದರೂ ಮಕ್ಕಳಿಗೆ ಪೂರ್ತಿ ನಂಬಿಕೆ ಬರುತ್ತಿರಲಿಲ್ಲ.

ಮಾವ ಬಾಳೂರಿನ ಆಚೆ ಇಂಗ್ಲಿಷ್ ದೊರೆಯೊಬ್ಬರ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿದ್ದವರು. ದೊರೆ ಎಸ್ಟೇಟ್ ಮಾರಿ ಊರಿಗೆ ಹೊರಡುವಾಗ ತಮ್ಮ ಸೈಕಲ್ಲನ್ನು ಇವರಿಗೆ ಕೊಟ್ಟುಹೋದರು. ನಮ್ಮ ಕಡೆ ಸೈಕಲ್ಲಿನ ಡೈನಮೊ ಎಂದರೆ ಟೈರಿಗೆ ಒರಗಿ ಉಜ್ಜಿಕೊಂಡು ತಿರುಗುವ ಸೀಸೆಯಂಥದ್ದು. ಮಳೆ ಹಿಡಿದರೆ ಅದು ಒದ್ದೆ ಟೈರಿನ ಮೇಲೆ ಜಾರಿ, ದೀಪ ಬೇಕಾದ ಹೊತ್ತಿಗೇ ಕೈಕೊಡುತ್ತಿತ್ತು. ದೊರೆಯ ಸೈಕಲ್ಲಿನಲ್ಲಿ ಡೈನಮೊ ಮುಂದಿನ ಚಕ್ರದ ಹೊಟ್ಟೆಯಲ್ಲೇ, ಹಬ್ಬಿನೊಳಗೇ ಇತ್ತು. ಅದು ಬಾಣಲೆಯ ಹಾಗೆ ಅಗಲವಾಗಿತ್ತು. ಎಷ್ಟು ಮಳೆ ಹೊಡೆಯಲಿ, ಚಕ್ರ ತಿರುಗಿದರೆ ದೀಪ ಹತ್ತಲೇಬೇಕು.

ಮಾವನ ಕಿವಿ ಒಂದು ಜ್ವರದ ನಂತರ ವರ್ಷ ವರ್ಷಕ್ಕೂ ಮಂದವಾಗುತ್ತ ಬಂದಿತ್ತಂತೆ. ದೊರೆಗೆ ಅದರಿಂದ ತೊಂದರೆಯಿರಲಿಲ್ಲ, ಅವರು ಹೇಗೂ ಕೂಗಿಯೇ ಮಾತನಾಡುವವರು. ಹೊಸ ಮಾಲೀಕರದ್ದು ಮೆಲುದನಿ. ನೂರು ಆಳು ಕಳಿಸು ಎಂದಾಗ ಇವರು ಆರು ಆಳು ಕಳಿಸಿದರು. ರೈಟರ್ ಕೆಲಸ ಅಲ್ಲಿಗೆ ಮುಗಿಯಿತು. ಮಂಗಳೂರಿನ ಡಾಕ್ಟರು ಜೇಬಿನಲ್ಲಿಡುವ ಕಿವಿಯ ಯಂತ್ರ ಕೊಟ್ಟರು. ಆದರೆ ಅದು ಸೆಲ್ ತಿನ್ನುವ ರಾಕ್ಷಸ. ಕಳಸದಲ್ಲಿ ಸೆಲ್ ಸಿಕ್ಕರೂ ಮಳೆಗಾಲದ ಥಂಡಿಗೆ ಸತ್ತಿರುತ್ತಿತ್ತು. ಆಗ ಮೂಡಿಗೆರೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಉಸ್ಮಾನ್ ಸಾಹೇಬರು, "ಚಕ್ರದಲ್ಲಿ ಕರೆಂಟು ಹಗಲೆಲ್ಲ ಸುಮ್ನೆ ಪೋಲಾಗ್ತಾ ಉಂಟಲ್ಲ ರೈಟ್ರೇ" ಎಂದು, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ಲೊಂದನ್ನು ಎಲ್ಲಿಂದಲೋ ತರಿಸಿ, ಆ ತಗಡಿನ ಡಬ್ಬಿ ಕಟ್ಟಿಕೊಟ್ಟರು.

ಡಬ್ಬಿಯಲ್ಲಿ ಏನಿದೆ ಎಂದು ಅಪ್ಪಯ್ಯ ಕೇಳಿದ್ದಕ್ಕೆ ಮಾವ ಕೊಟ್ಟ ವಿವರಣೆ ನನಗೆ ಇನ್ನೂ ನೆನಪಿದೆ.

"ಒಳಗೆ ಅಯಸ್ಕಾಂತ ತಿರುಗ್ತದೆ ಭಾವ. ತಿರುಗಿದಾಗ ಕರೆಂಟು ಹೋಗ್ತದೆ, ಬರ್ತದೆ, ಹೋಗ್ತದೆ, ಬರ್ತದೆ. ಹಂಗೆ ಹೋಗಿ ಬಂದ್ರೆ ಸೆಲ್ ತುಂಬಲ್ಲ. ಅದ್ಕೆ ಸಾಹೇಬ್ರು ಒಂದು ಬಾಗಿಲು ಇಟ್ಟಿದಾರೆ. ಹೋಗದು ಮಾತ್ರ, ಬರದು ಇಲ್ಲ."

"ಬರದೇ ಇದ್ರೆ ನಿಂಗೆ ಹೆಂಗೆ ಸಿಗ್ತದೆ?"

ಮಾವ ಜೇಬಿನ ಪೆಟ್ಟಿಗೆಯನ್ನು ತಟ್ಟಿ ಹೇಳಿದರು: "ಅದು ನಂಗೂ ತಿಳೀಲಿಲ್ಲ. ಕೇಳ್ತದೆ, ಅಷ್ಟು ಸಾಕು."

ಚಕ್ರದಿಂದ ಹುಟ್ಟುವುದು ಸ್ವಲ್ಪವೇ ಕರೆಂಟು. ಅದನ್ನು ದೀಪಕ್ಕೆ ಕೊಟ್ಟರೆ ಸೆಲ್ಲಿಗಿಲ್ಲ, ಸೆಲ್ಲಿಗೆ ಕೊಟ್ಟರೆ ದೀಪಕ್ಕಿಲ್ಲ. ಹ್ಯಾಂಡಲ್ಲಿನ ಮೇಲೆ ಒಂದು ಸ್ವಿಚ್ ಇತ್ತು, ಈ ಕಡೆಗೆ ಕಣ್ಣು, ಆ ಕಡೆಗೆ ಕಿವಿ. ಸಂಜೆ ಕೊಟ್ಟಿಗೆಹಾರದ ಮಂಜಿನಲ್ಲಿ ಯಾವುದನ್ನು ಆರಿಸಿಕೊಳ್ಳುವುದೆಂಬುದು ಮಾವನ ನಿತ್ಯದ ಸಂಕಟ. "ಜೀಪು ಎದ್ರಿಂದ ಬಂದ್ರೆ ಕಣ್ಣು ಬೇಕು, ಹಿಂದಿಂದ ಬಂದ್ರೆ ಕಿವಿ ಬೇಕು. ಯಾವ ಕಡೆಯಿಂದ ಬರ್ತೀನಿ ಅಂತ ಜೀಪಿನವನು ಮೊದ್ಲೇ ಹೇಳಿ ಕಳ್ಸದಿಲ್ಲ ನೋಡು" ಎನ್ನುತ್ತಿದ್ದರು. ಇಳಿಜಾರಿನಲ್ಲಿ ಕರೆಂಟು ಹೆಚ್ಚಾಗಿ ಕಿವಿಯಲ್ಲಿ ಜೇನು ಎದ್ದ ಹಾಗಾಗುತ್ತಿತ್ತಂತೆ. ಏರಿನಲ್ಲಿ ಇಳಿದು ತಳ್ಳಬೇಕು, ಆಗ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ನಮ್ಮ ಮನೆ ಒಂದು ದೊಡ್ಡ ಏರಿನ ತುದಿಯಲ್ಲಿತ್ತು. ಹಾಗಾಗಿ ನಮ್ಮಲ್ಲಿಗೆ ಅವರು ಯಾವಾಗಲೂ ಕಿವಿ ಖಾಲಿಯಾಗಿಯೇ ಬಂದು ತಲುಪುತ್ತಿದ್ದರು.

ಇಂಥ ಮನುಷ್ಯ ಹಿಡಿದ ಕಸುಬು ಯಾವುದೆಂದರೆ ಮಾತು ಒಯ್ಯುವುದು. ಗೋಣಿಬೀಡಿನಿಂದ ಕಳಸದವರೆಗೆ ನೆಂಟರಿಷ್ಟರ ಮನೆಗಳಲ್ಲಿ ಉಳಿದುಕೊಳ್ಳುತ್ತ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿಸುತ್ತ, ಗಂಡು ಹೆಣ್ಣುಗಳ ಜೋಡಿ ಹೊಂದಿಸುತ್ತ ತಿರುಗುತ್ತಿದ್ದರು. ಫೋನು ಎಲ್ಲೋ ದೊಡ್ಡ ಎಸ್ಟೇಟಿನಲ್ಲಿ ಒಂದೊಂದು. ಚೀಟಿ ಬರೆದುಕೊಟ್ಟರೆ ಮುಟ್ಟುತ್ತಿರಲಿಲ್ಲ. "ಬರ್ದಿದ್ದು ಪೋಸ್ಟಿನವ್ರಿಗೆ ಕೊಡಿ. ಬಾಯಲ್ಲಿ ಹೇಳದಾದ್ರೆ ನಂಗೆ ಹೇಳಿ" ಎಂದು ಮುಖ ತಿರುಗಿಸುತ್ತಿದ್ದರು. ಕಿವುಡ ಮನುಷ್ಯನಿಗೆ ಬಾಯಿಮಾತಿನ ಮೇಲೇ ಯಾಕಿಷ್ಟು ಹಟ ಎಂದು ನಮಗೆ ಅರ್ಥವಾಗುತ್ತಿರಲಿಲ್ಲ.

ಅವಾಂತರಗಳಿಗೆ ಕೊರತೆಯಿರಲಿಲ್ಲ. ಅವ್ವನ ತಾಯಿ, ಎಂದರೆ ನಮ್ಮಜ್ಜಿ, ಕಳಸದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಒಮ್ಮೆ ಮಾವ ಕಳಸದಿಂದ ಬಂದವರು ಜಗಲಿಯಲ್ಲಿ ಕುಳಿತು, ಮುಖ ಸಣ್ಣದು ಮಾಡಿಕೊಂಡು, "ತಾಯಿ ಮರೀತಾ ಇದಾರೆ, ಬಂದು ಕರ್ಕಂಡು ಹೋಗಿ ಅಂತ ಹೇಳಿದ್ರು" ಎಂದರು. ಅಜ್ಜಿಗೆ ಮರೆವು ಹಿಡಿದಿದೆ, ಚಿಕ್ಕಮ್ಮನ ಕೈಯಲ್ಲಿ ನೋಡಿಕೊಳ್ಳಲು ಆಗುತ್ತಿಲ್ಲ ಎಂದುಕೊಂಡು ಅವ್ವ ಅಳುತ್ತಲೇ ಅಪ್ಪಯ್ಯನ ಜೊತೆ ಬಸ್ಸು ಹತ್ತಿದಳು. ಅಲ್ಲಿ ನೋಡಿದರೆ ಅಜ್ಜಿ ಹಲಸಿನ ತೊಳೆ ಬಿಡಿಸುತ್ತ, ಆಳುಗಳಿಗೆ ಬೈಯುತ್ತ ಸುಖವಾಗಿದ್ದಳು. ಚಿಕ್ಕಮ್ಮ ಹೇಳಿ ಕಳಿಸಿದ್ದು ಇಷ್ಟೇ: "ನಾಯಿ ಮರಿ ಹಾಕಿದೆ, ಬಂದು ತಗಂಡು ಹೋಗಿ." ವಿಷಯ ತಿಳಿದ ಅಜ್ಜಿ ಕಣ್ಣು ಕೆಂಪಗೆ ಮಾಡಿ, "ನನ್ನ ಕರ್ಕಂಡು ಹೋಗಕ್ಕೆ ಅಂತ ಬಂದವ್ರು ಬರಿಗೈಲಿ ಯಾಕೆ ಹೋಗ್ತೀರಿ, ನಡೀರಿ" ಎಂದು ಟ್ರಂಕು ಕಟ್ಟಿದಳು. ಅಪ್ಪಯ್ಯ ಒಂದು ಕೈಯಲ್ಲಿ ನಾಯಿಮರಿ, ಇನ್ನೊಂದರಲ್ಲಿ ಅಜ್ಜಿಯ ಟ್ರಂಕು ಹಿಡಿದುಕೊಂಡು ಏರು ಹತ್ತಿ ಬಂದರು. ಅಜ್ಜಿ ಆ ಮಳೆಗಾಲ ಪೂರ್ತಿ ನಮ್ಮಲ್ಲೇ ಉಳಿದಳು.

ಇಷ್ಟಾದರೂ ಜನ ಅವರ ಕೈಯಲ್ಲೇ ಮಾತು ಕಳಿಸುತ್ತಿದ್ದರು. ಮಾತು ತಪ್ಪಿದರೂ ಅವರು ಮುಖ ತಪ್ಪುತ್ತಿರಲಿಲ್ಲ. ಚಿಕ್ಕಮ್ಮ ಯಾವ ಗತ್ತಿನಲ್ಲಿ ಕತ್ತು ಓರೆ ಮಾಡಿ ಹೇಳಿದಳೋ ಅದೇ ಗತ್ತಿನಲ್ಲಿ ಇವರೂ ಕತ್ತು ಓರೆ ಮಾಡುತ್ತಿದ್ದರು. ಯಾರ ತುಟಿ ನಡುಗಿತ್ತೋ ಇವರ ತುಟಿಯೂ ಅಲ್ಲೇ ನಡುಗುತ್ತಿತ್ತು. ಅಕ್ಕತಂಗಿಯರು ವರ್ಷಗಟ್ಟಲೆ ಮುಖ ನೋಡದೆ ಇರುತ್ತಿದ್ದ ಆ ಬೆಟ್ಟಗಳಲ್ಲಿ ಅದು ಸಣ್ಣ ಸಂಗತಿಯಾಗಿರಲಿಲ್ಲ. ನಾಯಿಮರಿಯ ವಿಷಯದಲ್ಲಿ ಮುಖವೂ ಯಾಕೆ ತಪ್ಪಿತು ಎಂದು ಕೇಳಿದ್ದಕ್ಕೆ, "ಆ ನಾಯಿಮರಿ ಕೊಡಕ್ಕೆ ಅವ್ಳಿಗೆ ನಿಜವಾಗ್ಲೂ ಬೇಜಾರಿತ್ತು ಕಣೆ" ಎಂದಿದ್ದರು.

ಮುಂದಿನ ವರ್ಷದ ಮಳೆಗಾಲದಲ್ಲಿ ನನಗೆ ಎರಡು ಸಂಬಂಧಗಳು ಬಂದವು. ಎರಡನ್ನೂ ತಂದವರು ಲಕ್ಕಪ್ಪ ಮಾವನೇ. ಒಂದು ಕಳಸದಿಂದ ಮುಂದಿನ ಬಾಳೆಹೊಳೆಯದು. ದೊಡ್ಡ ತೋಟ, ಜೀಪು, ಮನೆ ತುಂಬ ಜನ. ಹುಡುಗನ ತಾಯಿ ನನ್ನನ್ನು ನೋಡಲು ಬಂದಾಗಲೇ, "ಮದ್ವೆ ಆದ್ಮೇಲೆ ಸ್ಕೂಲಿಗೀಲಿಗೆ ಹೋಗದೆಲ್ಲ ನಮ್ಮಲ್ಲಿಲ್ಲ" ಎಂದು ಹೇಳಿ ಮುಗಿಸಿದ್ದರು. ಹುಡುಗ ತಲೆಯೆತ್ತಿ ಒಂದು ಮಾತೂ ಆಡಲಿಲ್ಲ. ಇನ್ನೊಂದು ಬಾಳೂರಿನದು. ಸಣ್ಣ ತೋಟ. ಸುರೇಂದ್ರ ಎಂದು ಹುಡುಗನ ಹೆಸರು. ಅವನು ಕಾಫಿ ಲೋಟವನ್ನು ಚಾಪೆಯ ಮೇಲೆ ಚೆಲ್ಲಿ, ಒರೆಸಲು ಹೋಗಿ ಇನ್ನೂ ಹರಡಿ, ಕೊನೆಗೆ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಳೆ ಹೊಡೀತಿರುವಾಗ ಹೆಂಚಿನ ಸದ್ದಲ್ಲಿ ಮಕ್ಳಿಗೆ ಪಾಠ ಹೆಂಗೆ ಕೇಳ್ಸತ್ತೆ?" ನನ್ನ ಕೆಲಸದ ಬಗ್ಗೆ ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ. ಆ ಪ್ರಶ್ನೆಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಪ್ರಶ್ನೆ ಮಾತ್ರ ಉಳಿದುಬಿಟ್ಟಿತು.

ಅಪ್ಪಯ್ಯನ ಮನಸ್ಸು ಬಾಳೆಹೊಳೆಯ ಕಡೆಗಿತ್ತು. ನನ್ನನ್ನು ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ, ನಾನಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಆ ದಿನಗಳಲ್ಲೊಮ್ಮೆ ಶಾಲೆ ಬಿಟ್ಟು ಕೊಡೆ ಹಿಡಿದು ನಡೆದು ಬರುತ್ತಿದ್ದೆ. ಹಿಂದಿನಿಂದ ಬಂದ ಲಕ್ಕಪ್ಪ ಮಾವ ಇಳಿಯದೆ, ನನ್ನ ನಡಿಗೆಯ ಜೊತೆಗೆ ಸರಿಹೊಂದುವಂತೆ ಆ ಕಡೆ ಈ ಕಡೆ ಓಲಾಡುತ್ತ ಸೈಕಲ್ ಬಿಟ್ಟರು. ಚಕ್ರ ತಿರುಗುತ್ತಿದ್ದರೆ ಅವರಿಗೆ ಕೇಳುತ್ತದೆ.

"ಎಂತ ಮುಖ ಊದಿಸ್ಕಂಡಿದೀಯಲ್ಲ ವಾರಿಜ?"

ಆ ಮನುಷ್ಯನ ಹತ್ತಿರ ಹೇಳಿದರೆ ಗಾಳಿಗೆ ಹೇಳಿದ ಹಾಗೆ ಎಂದುಕೊಂಡೋ ಏನೋ, ಬಾಯಿ ಬಿಟ್ಟೆ. "ಮಾವ, ನಂಗೆ ಬಾಳೆಹೊಳೆ ಬೇಡ. ಬಾಳೂರು ಆಗ್ಬಹುದು."

"ಎಂತ?"

ರಸ್ತೆಯಲ್ಲಿ ಯಾರೂ ಇರಲಿಲ್ಲ. ಕೂಗಿಯೇ ಹೇಳಿದೆ: "ಬಾಳೂರು, ಮಾವ. ಬಾಳೂರು."

ಅವರು ಆಕಾಶದ ಕಡೆ ನೋಡಿದರು. "ಹೌದು ಮಾರಾಯ್ತಿ. ಈ ಸಲ ಬಾಳ ಮಳೆ" ಎಂದರು. ಆಮೇಲೆ ಏರು ಬಂತು. ಇಳಿದು ತಳ್ಳತೊಡಗಿದರು. ಮೂರನೇ ಸಲ ಹೇಳಲು ನನ್ನಿಂದಾಗಲಿಲ್ಲ.

ಮಳೆ ಹಿಂಜರಿದು ನವರಾತ್ರಿ ಹತ್ತಿರ ಬಂದಾಗ ಅಪ್ಪಯ್ಯ ತೀರ್ಮಾನ ಮಾಡಿದರು. ಅವತ್ತು ಮೋಡ ಕವಿದು ಜಿಟಿಜಿಟಿ ಹನಿಯುತ್ತಿತ್ತು, ಸಂಜೆಯಾಗುವ ಮೊದಲೇ ಕತ್ತಲಾಗಿತ್ತು. ಮಾವ ಏರು ಹತ್ತಿ ಬಂದರು, ಕಣದಲ್ಲಿ ಸುತ್ತಿದರು, ಜಗಲಿಯಲ್ಲಿ ಕುಳಿತರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅಪ್ಪಯ್ಯ ಬಿಡಿಸಿ ಬಿಡಿಸಿ ಹೇಳಿದರು: "ಬಾಳೆಹೊಳೆಯವ್ರಿಗೆ ನಮ್ಮದು ಒಪ್ಪಿಗೆ ಅಂತ ಹೇಳು. ಬಾಳೂರಿನವ್ರಿಗೆ ಈಗ ಆಗದಿಲ್ಲ ಅಂತ ಏನಾದ್ರೂ ಒಂದು ನೆವ ಹೇಳು. ಒಳ್ಳೆ ಜನ, ಮನಸ್ಸು ನೋಯಬಾರ್ದು. ಕೇಳಿಸ್ತಾ?"

"ಕೇಳಿಸ್ತು ಭಾವ."

"ಎಂತ ಕೇಳಿಸ್ತು ಹೇಳು ನೋಡಣ."

"ಒಬ್ರಿಗೆ ಹೌದು. ಒಬ್ರಿಗೆ ಅಲ್ಲ."

"ಅಷ್ಟೇ" ಎಂದರು ಅಪ್ಪಯ್ಯ ಸಮಾಧಾನದಿಂದ. ಮಾವ ಹೊರಟರು. ಅಡುಗೆಮನೆಗೆ ಹೋಗಿ ನಾನು ಒಲೆಯ ಮುಂದೆ ಕುಳಿತೆ. ನನ್ನ ಹಣೆಬರಹ ಒಬ್ಬ ಕಿವುಡನ ಜೇಬಿನಲ್ಲಿ ಕುಳಿತು ಇಳಿಜಾರು ಇಳಿಯುತ್ತಿತ್ತು, ಅವ್ವ ನನ್ನ ಕೈಗೆ ತೆಂಗಿನಕಾಯಿ ಕೊಟ್ಟು ತುರಿ ಎಂದಳು.

ಮುಂದಿನ ವಾರ ಒಂದು ಮಧ್ಯಾಹ್ನ ಏರಿನಲ್ಲಿ ಜನ ಕಾಣಿಸಿಕೊಂಡರು. ಬಾಳೂರಿನವರು. ಸುರೇಂದ್ರನ ದೊಡ್ಡಪ್ಪ, ಅವನ ತಾಯಿ, ಇಬ್ಬರು ಹೆಂಗಸರು, ಎಲ್ಲರಿಗಿಂತ ಹಿಂದೆ ಭಾರದ ಬಾಳೆಗೊನೆ ಹೊತ್ತ ಸುರೇಂದ್ರ. ಬೇಡ ಎಂದು ಹೇಳಿ ಕಳಿಸಿದ ಮೇಲೂ ಬಂದಿದ್ದಾರೆ, ಇನ್ನೊಮ್ಮೆ ಕೇಳಿ ನೋಡಲು ಇರಬೇಕು ಎಂದು ಅಪ್ಪಯ್ಯನಿಗೆ ಪಾಪ ಅನಿಸಿತು. ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಬಹಳ ಮೆತ್ತಗೆ ಶುರುಮಾಡಿದರು.

"ನಾವು ಹೇಳಿ ಕಳ್ಸಿದ್ದಕ್ಕೆ ನೀವು ಬೇಜಾರು ಮಾಡ್ಕಬಾರ್ದು."

"ಬೇಜಾರು ಎಂತಕ್ಕೆ? ಕೇಳಿ ಸಂತೋಷ ಆಯ್ತು" ಎಂದರು ದೊಡ್ಡಪ್ಪ.

ಅಪ್ಪಯ್ಯ ಗಲಿಬಿಲಿಗೊಂಡರು. "ಸಂತೋಷ ಅಂದ್ರೆ... ಹಂಗೆ ತಗಂಡ್ರಲ್ಲ, ಅದು ನಿಮ್ಮ ದೊಡ್ಡ ಮನಸ್ಸು."

"ದೊಡ್ಡ ಮನಸ್ಸು ನಿಮ್ಮದು. ಜೀಪಿನವ್ರನ್ನ ಬಿಟ್ಟು ನಮ್ಮನ್ನ ಒಪ್ಪಿದ್ರಿ. ಲಕ್ಕಪ್ಪಣ್ಣ ನೀವು ಹೇಳಿದ ಹಂಗೇ ಕೈ ಮುಗ್ದು ಹೇಳಿದ್ರು. ತಡ ಮಾಡದು ಬೇಡ ಅಂತ ವೀಳ್ಯಶಾಸ್ತ್ರಕ್ಕೇ ಬಂದ್ವಿ" ಎಂದು ಅವರು ತಟ್ಟೆಯ ಮೇಲಿನ ಬಟ್ಟೆ ಸರಿಸಿದರು. ಎಲೆ, ಅಡಿಕೆ, ಹೂವು, ಒಂದು ಹಸಿರು ಸೀರೆ.

ಅಪ್ಪಯ್ಯ ಎದ್ದು ಅಡುಗೆಮನೆಗೆ ಬಂದರು. ಅವರ ಮುಖ ಬಿಳಿಚಿತ್ತು. "ಲಕ್ಕಪ್ಪ ಕೆಡಿಸಿದ" ಎಂದರು. "ಈಗ ಎಂತ ಮಾಡದು? ಮನೆಗೆ ಬಂದವ್ರ ತಟ್ಟೆ ವಾಪಸ್ ಕಳ್ಸದಾ? ಬಾಳೆಹೊಳೆಯವ್ರಿಗೆ ಅವ್ನು ಎಂತ ಹೇಳಿದಾನೋ." ಅವ್ವ ಅವರನ್ನೇ ನೋಡುತ್ತಿದ್ದಳು. ಕಾಫಿ ಉಕ್ಕಿ ಒಲೆಗೆ ಹರಿಯಿತು. ಅದನ್ನಿಳಿಸುತ್ತ ಅವ್ವ ಹೇಳಿದಳು: "ಯಾರಿಗೆ ಯಾರು ಎಂತ ಹೇಳಿದ್ರೋ ಇನ್ನು ಹುಡುಕಿ ಪ್ರಯೋಜನ ಇಲ್ಲ. ಇಲ್ಲೇ ನಿಂತಿದಾಳಲ್ಲ, ಅವ್ಳನ್ನೇ ಒಂದು ಮಾತು ಕೇಳಿ."

ಅಪ್ಪಯ್ಯ ನನ್ನ ಕಡೆ ತಿರುಗಿದರು. ಅವರು ಹಾಗೆ ನನ್ನನ್ನು ನೋಡಿದ್ದು ಅದೇ ಮೊದಲು. ಲೆಕ್ಕ ತಪ್ಪಿ ಸಿಕ್ಕಿಬಿದ್ದ ಮಗು ಟೀಚರನ್ನು ನೋಡುವ ಹಾಗಿತ್ತು. "ನಿಂಗೆ ಎಂತ ಅನ್ಸತ್ತೆ ವಾರಿಜ?"

"ಬಾಳೂರೇ ಆಗ್ಲಿ ಅಪ್ಪಯ್ಯ" ಎಂದೆ. ಈ ಸಲ ಕೂಗಲಿಲ್ಲ, ಆದರೆ ಅಷ್ಟು ಹತ್ತಿರದಲ್ಲಿ ನಿಂತಿದ್ದ ಅಪ್ಪಯ್ಯನಿಗೆ ಕೇಳಿಸಿತು.

ಹಾಗೆ ವೀಳ್ಯಶಾಸ್ತ್ರ ಮುಗಿಯಿತು. ಆದರೆ ಬಾಳೆಹೊಳೆಯವರಿಗೆ ಮಾವ ನಿಜವಾಗಿಯೂ ಇಲ್ಲವೆಂದು ಹೇಳಿಯಾಗಿತ್ತು. ಅದೂ ಅಪ್ಪಯ್ಯ ಹೇಳಿದ ಹಾಗೆಯೇ, ಮನಸ್ಸು ನೋಯದಂತೆ, ಬಹಳ ದುಃಖದ ಮುಖ ಮಾಡಿಕೊಂಡು. ಅಪ್ಪಯ್ಯ ಸಮಜಾಯಿಷಿ ಹೇಳಲು ಅಲ್ಲಿಗೆ ಹೋದರೆ ಕೂರಿಸಲೂ ಇಲ್ಲವಂತೆ.

ಕೊಯ್ಲು ಹತ್ತಿರ ಬಂದಿತ್ತು. ಅವ್ವ ಕಣವನ್ನು ಸಗಣಿಯಿಂದ ಸಾರಿಸಿ ಒಣಗಲು ಬಿಟ್ಟಿದ್ದಳು. ಅಂಥ ದಿನ ನೋಡಿ ಲಕ್ಕಪ್ಪ ಮಾವ ಬಂದರು. ಅಪ್ಪಯ್ಯ ಜಗಲಿಯಿಂದಲೇ ಶುರುಮಾಡಿದರು. ಅಷ್ಟು ದಿನ ಕೂಡಿಟ್ಟಿದ್ದ ಸಿಟ್ಟು, ನಿನ್ನನ್ನು ನಂಬಿದ್ದಕ್ಕೆ ಬೀದಿಯಲ್ಲಿ ಮಾನ ಹೋಯಿತು, ನೀನು ಮನುಷ್ಯನಾ ಎಂದೆಲ್ಲ. ಮಾವ ತಲೆತಗ್ಗಿಸಿ ನಿಂತಿದ್ದರು. ಸ್ವಲ್ಪ ಹೊತ್ತಿನಲ್ಲಿ ಎಡಗೈ ಎತ್ತಿದರು.

"ಅಲ್ಲೇ ನಿಲ್ಸಿ ಭಾವ. ಇಷ್ಟು ಹೊತ್ತು ಬೈದಿದ್ದು ನಂಗೆ ಕೇಳಿಸ್ಲಿಲ್ಲ. ಒಂದು ಸುತ್ತು ಹಾಕ್ಕಂಡು ಬರ್ತೀನಿ."

ಹಸಿ ಸಗಣಿಯ ಮೇಲೆ ಸೈಕಲ್ ಏರಿಯೇಬಿಟ್ಟರು. ಸುತ್ತುತ್ತಲೇ ಇದ್ದರು. ನುಣ್ಣಗೆ ಸಾರಿಸಿದ ಕಣದ ಮೇಲೆ ಚಕ್ರದ ಗೆರೆಯ ಮೇಲೆ ಗೆರೆ ಬೀಳುತ್ತಿತ್ತು. ಅವ್ವ ಹಣೆ ಹಣೆ ಚಚ್ಚಿಕೊಂಡಳು. ಅಪ್ಪಯ್ಯ ಬೈಗುಳವನ್ನು ಬಾಯಲ್ಲಿ ಹಿಡಿದುಕೊಂಡು ನಿಂತಿದ್ದರು. ಮಾವ ಬಂದು ಕುಳಿತು, ತಿರುಪು ತಿರುಗಿಸಿ, "ಹೂಂ, ಮೊದ್ಲಿಂದ ಬೈಯಿರಿ" ಎಂದಾಗ ಅವರಿಗೆ ಮೊದಲಿನಷ್ಟು ಬಿಸಿಯಾಗಿ ಬೈಯಲು ಆಗಲಿಲ್ಲ. "ನಾನು ಬಾಳೆಹೊಳೆ ಅಂದಿದ್ದು ನಿಂಗೆ ಕೇಳಿಸ್ತಾ, ಇಲ್ವಾ? ಅಷ್ಟು ಹೇಳು ಸಾಕು" ಎಂದರು.

ಮಾವ ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಲಿಲ್ಲ. "ಬಾಳೂರು, ಬಾಳೆಹೊಳೆ. ಎರಡೂ ಬಾಳಿಂದ್ಲೇ ಶುರು ಆಗ್ತದೆ ಭಾವ. ನನ್ನಂಥ ಕಿವುಡ ಎಂತ ಮಾಡದು ಹೇಳಿ" ಎಂದರು.

ನನಗೆ ಅಂದಿನಿಂದ ತಲೆಯಲ್ಲಿ ಗೊಂದಲ ಹೊಕ್ಕಿತು. ರಸ್ತೆಯಲ್ಲಿ ನಾನು ಕೂಗಿದ್ದು ಅವರಿಗೆ ಕೇಳಿಸಿತ್ತೇ? ಕೇಳಿಸಿದ್ದರೆ ಮಳೆಯ ಮಾತು ಯಾಕೆ ಎತ್ತಿದರು? ಅಪ್ಪಯ್ಯ ಮಾತು ಹೇಳಿ ಕಳಿಸಿದ ಆ ಸಂಜೆ ಕತ್ತಲಲ್ಲೂ ಅವರು ದೀಪ ಹಚ್ಚದೆ ಕಣ ಸುತ್ತಿದ್ದನ್ನು ನಾನು ಕಂಡಿದ್ದೆ. ಎಂದರೆ ಕರೆಂಟೆಲ್ಲ ಕಿವಿಗೇ ಹೋಗಿದೆ, ಅವರಿಗೆ ಎಲ್ಲವೂ ಕೇಳಿಸಿದೆ. ಆದರೆ ಉಸ್ಮಾನ್ ಸಾಹೇಬರು ಮದುವೆಗೆ ಬಂದಾಗ ಮಾತಿಗೆ ಮಾತು ಬಂದು, ಆ ದಿನಗಳಲ್ಲಿ ರೈಟರ ಬಲ್ಬೇ ಸುಟ್ಟುಹೋಗಿತ್ತು, ಸೆಲ್ಲೂ ಹಳತಾಗಿ ಅರ್ಧ ತುಂಬುತ್ತಿತ್ತು ಎಂದರು. ಹಾಗಾದರೆ ಏನೂ ಕೇಳಿಸಿಲ್ಲ. ಸುರೇಂದ್ರನನ್ನು ಕೇಳಿದರೆ, "ಅವ್ರಿಗೆ ಕೇಳಿಸದೇ ಇದ್ದಿದ್ದಕ್ಕೆ ನನ್ನ ಮದ್ವೆ ಆಯ್ತು. 'ನಾಯಿ'ಯನ್ನ 'ತಾಯಿ' ಮಾಡಿದ ಮನುಷ್ಯ ಅಲ್ವಾ" ಎಂದು ನಗುತ್ತಿದ್ದ. ಅವ್ವನನ್ನು ಕೇಳಿದರೆ, "ಲಕ್ಕಪ್ಪಣ್ಣನಿಗೆ ಕೇಳ್ದೇ ಇರದು ಯಾವ್ದೂ ಇಲ್ಲ" ಎನ್ನುತ್ತಿದ್ದಳು. ಒಂದು ದಿನ ಈ ಮಾತು ನಿಜವೆನಿಸುತ್ತಿತ್ತು, ಇನ್ನೊಂದು ದಿನ ಆ ಮಾತು.

ಒಂದು ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕಂಡಿತು. ಬಾಳೆಹೊಳೆಯವರು ಹೋದಲ್ಲೆಲ್ಲ ಈ ಕಥೆ ಹೇಳಿದರು. ಆಮೇಲೆ ಲಕ್ಕಪ್ಪ ಮಾವನ ಕೈಯಲ್ಲಿ ಯಾರೂ ಮಾತು ಕೊಡದಾದರು. ಹೋದ ಮನೆಯಲ್ಲಿ ಊಟ ಹಾಕುತ್ತಿದ್ದರು, ಕಂಬಳಿ ಕೊಡುತ್ತಿದ್ದರು, ಹೊರಡುವಾಗ ಮಾತ್ರ, "ಕಳಸದ ಕಡೆ ಹೇಳದು ಎಂತದೂ ಇಲ್ಲ" ಎನ್ನುತ್ತಿದ್ದರು. ಅವರು ತಿರುಗುವುದನ್ನು ಬಿಡಲಿಲ್ಲ. ನಿಂತರೆ ಕಿವಿ ಹೋಗುತ್ತದಲ್ಲ. ಬಾಳೂರಿನ ನಮ್ಮ ಮನೆಗೆ ಬಂದಾಗ, "ಎಂತ ಸುದ್ದಿ ಮಾವ?" ಎಂದರೆ, "ಹೇಳಿದ್ದು ಯಾವ್ದೂ ಇಲ್ಲ. ನೋಡಿದ್ದು ಹೇಳ್ಲಾ?" ಎನ್ನುತ್ತಿದ್ದರು. ಗೋಣಿಬೀಡಿನ ಕಡೆ ಕಾಫಿ ಹೂವಾಗಿದೆ, ಕೊಟ್ಟಿಗೆಹಾರದಲ್ಲಿ ಸೇತುವೆಯ ಕಟ್ಟೆ ಜರಿದಿದೆ, ನಿನ್ನಪ್ಪ ಜಗಲಿಯಲ್ಲಿ ಕೂತು ಕನ್ನಡಕ ಒರೆಸ್ತಾ ಇದ್ದ ಎಂದು, ಅಪ್ಪಯ್ಯ ಕನ್ನಡಕ ಒರೆಸುವ ಹಾಗೆಯೇ ಕೋಟಿನ ಅಂಚು ಹಿಡಿದು ಒರೆಸಿ ತೋರಿಸುತ್ತಿದ್ದರು. ನಾನು ಬಾಳೂರಿನ ಶಾಲೆಗೆ ವರ್ಗ ಮಾಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಅದನ್ನು ನೋಡಿ ಅವರು ಒಳ್ಳೆಯದು ಎಂದೂ ಹೇಳಲಿಲ್ಲ, ಕೆಟ್ಟದ್ದು ಎಂದೂ ಹೇಳಲಿಲ್ಲ.

ಅವರನ್ನು ನಾನು ಕೊನೆಯದಾಗಿ ಕಂಡದ್ದು ಎಂಬತ್ತರ ದಶಕದ ನಡುವೆ, ಕಳಸದ ಬಸ್‌ಸ್ಟ್ಯಾಂಡಿನಲ್ಲಿ. ಅಷ್ಟರಲ್ಲಿ ಮಂಡಿನೋವು ಬಂದು ಸೈಕಲ್ ಬಿಟ್ಟಿದ್ದರು. ಸಂಸೆಯಲ್ಲಿ ತಮ್ಮನ ಮಗನ ಮನೆಯಲ್ಲಿದ್ದರು. ಅವನು ಮಂಗಳೂರಿನಿಂದ ಕಿವಿಯ ಹಿಂದೆ ಸಿಕ್ಕಿಸುವ ಹೊಸ ಯಂತ್ರ ತಂದುಕೊಟ್ಟಿದ್ದ. ವೈರಿಲ್ಲ, ಪೆಟ್ಟಿಗೆಯಿಲ್ಲ. ಅದಿಲ್ಲದ ಅವರ ಎದೆ ಬೋಳಾಗಿ ಕಂಡಿತು. ನಾನು ಅಭ್ಯಾಸಬಲದಿಂದ ಕೂಗಿ ಮಾತನಾಡಿಸಿದೆ. ಅವರು ಬೆಚ್ಚಿದರು.

"ಮೆತ್ತಗೆ ಮಾತಾಡೆ. ಈಗ ಎಲ್ಲಾ ಕೇಳ್ತದೆ. ಹೋಟ್ಲಿನ ಲೋಟ ಕೇಳ್ತದೆ, ಕಾಗೆ ಕೇಳ್ತದೆ, ಪಕ್ಕದ ಮನೆ ಜಗಳ ಕೇಳ್ತದೆ. ಯಾವ್ದು ನಂಗೆ ಹೇಳಿದ್ದು, ಯಾವ್ದು ಅಲ್ಲ ಅಂತ ತಿಳೀದೆ ತಲೆ ತಿರುಗ್ತದೆ."

ನಾವು ಹೋಟೆಲಿನ ಬೆಂಚಿನ ಮೇಲೆ ಕುಳಿತೆವು. ಸುರೇಂದ್ರ ಕಾಫಿ ತರಲು ಹೋದ. ಇಷ್ಟು ಚೆನ್ನಾಗಿ ಕೇಳುವ ಲಕ್ಕಪ್ಪ ಮಾವ ಮತ್ತೆ ಸಿಗುತ್ತಾರೋ ಇಲ್ಲವೋ ಎನಿಸಿ ನಾನು ಕೇಳಿಯೇಬಿಟ್ಟೆ: "ಮಾವ, ಅವತ್ತು ಅಪ್ಪಯ್ಯ ಹೇಳಿದ್ದು ನಿಮಗೆ ಕೇಳಿಸಿತ್ತಾ?"

ಯಾವತ್ತು ಎಂದು ಅವರು ಕೇಳಲಿಲ್ಲ. ಕೈಯಲ್ಲಿದ್ದ ಬಸ್ಸಿನ ಟಿಕೆಟನ್ನು ಮಡಿಸುತ್ತ ಬಿಚ್ಚುತ್ತ ಇದ್ದರು.

"ಕೇಳಿಸಿತ್ತು ಕಣೆ. ಬಾಳೆಹೊಳೆ ಹೌದು, ಬಾಳೂರು ಅಲ್ಲ. ಮೂಡಿಗೆರೆ ತಂಕ ಹಂಗೇ ಹೇಳ್ಕಂಡು ಹೋದೆ. ನಾನು ಹಂಗೇ ಮಾಡದು, ಮರೀಬಾರ್ದಲ್ಲ, ಪೆಡ್ಲಿಗೊಂದು ಸಲ ಹೇಳ್ಕಂಡು ಹೋಗದು. ಕೊಟ್ಟಿಗೆಹಾರದ ಹತ್ರ ನೀನು ರಸ್ತೇಲಿ ಕೂಗಿದ್ದು ನೆನಪಾತು. ಬಾಳೂರು, ಬಾಳೂರು ಅಂತ."

"ಅದೂ ಕೇಳಿಸಿತ್ತಾ?"

"ಅಷ್ಟು ದೊಡ್ಡಕೆ ಕೂಗಿದ್ದೆ ನೀನು, ಗೋಣಿಬೀಡಿಗೇ ಕೇಳಿಸಿರ್ತದೆ. ಅದ್ಕೆ ಎಂತ ಹೇಳ್ಬೇಕು ಅಂತ ತಿಳೀದೆ ಮಳೆ ಅಂದೆ. ಆದ್ರೆ ಅದು ನೆನಪಾದ್ಮೇಲೆ ಆಯ್ತು ನೋಡು ಪಜೀತಿ. ಎರಡು ಮಾತು ಒಟ್ಟಿಗೆ ತಗಂಡು ಹೊರಟ ಹಂಗಾಯ್ತು. ಒಂದು ಪೆಡ್ಲಿಗೆ ನಿನ್ನಪ್ಪಂದು, ಇನ್ನೊಂದು ಪೆಡ್ಲಿಗೆ ನಿಂದು. ಬಾಳೂರು ಮುಟ್ಟೋ ಹೊತ್ತಿಗೆ ಯಾವ್ದು ಯಾರ್ದು ಅಂತ್ಲೇ ತಿಳೀಲಿಲ್ಲ. ಅವ್ರು ಜಗಲೀಲಿ ಕೂರ್ಸಿ ನನ್ನ ಮುಖ ನೋಡ್ತಾ ಇದಾರೆ. ಬಾಯಿ ತೆಗ್ದೆ. ಹೌದು ಅಂತ ಬಂತು."

"ಬೇಕಂತ್ಲೇ ಹೇಳಿದ್ರಾ ಹಾಗಾದ್ರೆ?"

"ಅದೇ ಕಣೆ ನಂಗೂ ಗೊತ್ತಾಗದಿಲ್ಲ" ಎಂದರು ಮಾವ. ಅವರ ಮುಖದಲ್ಲಿ ತಮಾಷೆಯಿರಲಿಲ್ಲ. "ಬೇಕಂತ ಹೇಳಿದ್ರೆ ನಾನು ನಿನ್ನಪ್ಪಂಗೆ ಮೋಸ ಮಾಡಿದ ಹಂಗೆ. ತಪ್ಪಿ ಹೇಳಿದ್ರೆ ನಿಂಗೆ ನಾನು ಮಾಡಿದ್ದು ಎಂತದೂ ಇಲ್ಲ. ಯಾವ್ದು ಆಗ್ಲಿ ಅಂತ ನಾನು ಆಸೆಪಡದು ಹೇಳು."

ಅವರು ಇಷ್ಟು ವರ್ಷ ಬರಿಗೈಯಲ್ಲಿ ಊರೂರು ತಿರುಗುತ್ತ ಇದನ್ನೇ ಒಬ್ಬರೇ ಕೇಳಿಕೊಂಡಿದ್ದರು ಎಂಬುದು ಆಗ ಹೊಳೆಯಿತು. ಅವರ ಮಂಡಿಯ ಮೇಲೆ ಕೈಯಿಟ್ಟೆ. ಕೋಟಿನ ಬಟ್ಟೆ ಸವೆದು ತೆಳ್ಳಗಾಗಿತ್ತು. ಸುರೇಂದ್ರ ಕಾಫಿ ತಂದ. ಮೂವರೂ ಕುಡಿದೆವು. ಮಾವ ಅವನ ತೋಟದ ಮೆಣಸಿನ ಬಳ್ಳಿಯ ಬಗ್ಗೆ ಕೇಳಿದರು, ಅವನು ಹೇಳಿದ.

ಸಂಸೆಯ ಬಸ್ಸು ಬಂತು. ಹತ್ತಿಸಿ ಕಿಟಕಿಯ ಕೆಳಗೆ ನಿಂತೆ. ಡ್ರೈವರು ಇಂಜಿನ್ ಶುರುಮಾಡಿ ಗರ್ ಗರ್ ಅನಿಸಿದ. ಲಕ್ಕಪ್ಪ ಮಾವ ಕಿಟಕಿಯಿಂದ ಬಗ್ಗಿ, ಬಹಳ ಮುಖ್ಯವಾದದ್ದನ್ನು ಹೇಳುವವರ ಹಾಗೆ, ನಿಧಾನವಾಗಿ ಏನೋ ಹೇಳಿದರು. ಅವರಿಗೆ ಈಗ ಮೆತ್ತಗಿನ ಮಾತು ಅಭ್ಯಾಸವಾಗಿತ್ತು. ಇಂಜಿನ್ನಿನ ಸದ್ದಿನಲ್ಲಿ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಬಸ್ಸು ಚಲಿಸಿತು. ನಾನು ಆಯಿತು ಎಂದು ತಲೆಯಾಡಿಸಿದೆ. ಅವರ ಮುಖ ಸಡಿಲವಾಯಿತು. ಬಹಳ ದಿನ ಹೊತ್ತುಕೊಂಡಿದ್ದ ಮಾತನ್ನು ಮುಟ್ಟಿಸಿ ಮುಗಿಸಿದವರ ಹಾಗೆ, ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಎಂತ ಹೇಳಿದ್ರು?" ಎಂದು ಸುರೇಂದ್ರ ಕೇಳಿದ.

"ಗೊತ್ತಿಲ್ಲ" ಎಂದೆ.

ಆ ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಎಲ್ಲ ಕಾರ್ಯಗಳೂ ಮುಗಿದಿದ್ದವು. ಅವತ್ತು ನಾನು ಯಾವುದಕ್ಕೆ ಒಪ್ಪಿಕೊಂಡೆನೋ, ಅದನ್ನು ಇನ್ನೂ ಮಾಡಬೇಕಾಗಿದೆಯೋ, ಆಗಿಹೋಗಿದೆಯೋ, ನನಗೆ ತಿಳಿಯದು.